ಇನ್, ಅನ್, ಇಂಟರ್, ಇಂಟ್ರಾ ಥರದ ಇಂಗ್ಲಿಷ್ ಪ್ರಿಫಿಕ್ಸ್‌ಗಳ (ಪದದ ಆರಂಭಕ್ಕೆ ಸೇರುವ ತುಣುಕುಗಳ) ಪಟ್ಟಿ ಬಾಯಿಪಾಠ ಮಾಡಿದರೆ ಸಾಕಾ?

ಸಾಕಾಗಲ್ಲ. ಪಟ್ಟಿ ನಂಬಿಯೇ ನಾನು ಕೆಟ್ಟಿದ್ದು.

ಮಂಡ್ಯದಲ್ಲಿ ಬಿ.ಕಾಂ. ಮುಗಿಸಿ ಮೈಸೂರಿನ ಒಂದು ಕಬ್ಬಿಣದ ಪೈಪ್ ಅಂಗಡಿಗೆ ಬಿಲ್ ಹಾಕೋಕೆ ಸೇರಿದ್ದೆ. 2017ರ ಜುಲೈ, ಜಿಎಸ್‌ಟಿ ಆಗಷ್ಟೇ ಬಂದಿತ್ತು. ಸಾಫ್ಟ್‌ವೇರ್‌ನಲ್ಲಿ ಪ್ರತಿ ಬಿಲ್‌ಗೂ ಇಂಟರ್‌ಸ್ಟೇಟ್ ಅಥವಾ ಇಂಟ್ರಾಸ್ಟೇಟ್ ಆರಿಸಬೇಕು. ನನ್ನ ಲೆಕ್ಕಾಚಾರ ನೋಡಿ. ಇಂಟರ್ನಲ್ ಅಂದರೆ ಒಳಗಿನದು, ಇಂಟೀರಿಯರ್ ಅಂದರೂ ಒಳಗಿನದೇ. ಹಾಗಾದರೆ ಇಂಟರ್‌ಸ್ಟೇಟ್ ಅಂದರೆ ರಾಜ್ಯದ ಒಳಗೆ! ಇಂಟ್ರಾ ಕೇಳೋಕೆ ಎಕ್ಸ್‌ಟ್ರಾ ಥರ ಇದೆ, ಅದು ಹೊರಗೆ. ಡಿಕ್ಷನರಿ ನೋಡಬೇಕು ಅಂತ ಅನ್ನಿಸಲೇ ಇಲ್ಲ, ಅಷ್ಟು ಧೈರ್ಯ.

ನಿಜ ಇದರ ಉಲ್ಟಾ. ಇಂಟರ್ ಅಂದರೆ ನಡುವೆ, ಇಂಟ್ರಾ ಅಂದರೆ ಒಳಗೆ. ಮೈಸೂರಿನ ಬಿಲ್‌ಗಳಿಗೆ ಐಜಿಎಸ್‌ಟಿ ಬಿತ್ತು, ಅದು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ. ಊಟಿ, ಸುಲ್ತಾನ್ ಬತ್ತೇರಿಗೆ ಲಾರಿಯಲ್ಲಿ ಹೋದ ಮಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಂದರೆ ರಾಜ್ಯದ ಒಳಗಿನ ಮಾರಾಟಕ್ಕೆ ಕೇಂದ್ರ ಮತ್ತು ರಾಜ್ಯದ ಪಾಲಾಗಿ ಹಾಕುವ ತೆರಿಗೆ. 18 ಪರ್ಸೆಂಟ್ ಆದರೂ 9 ಮತ್ತು 9 ಆದರೂ ಒಟ್ಟು ಒಂದೇ ಅಲ್ವಾ, ಯಾರೂ ಗಮನಿಸಲಿಲ್ಲ. ಕೊನೆಗೆ ಊಟಿಯ ಗಿರಾಕಿ ಫೋನ್ ಮಾಡಿ ಬೈದರು. ಕರ್ನಾಟಕದ ಎಸ್‌ಜಿಎಸ್‌ಟಿಯನ್ನು ತಮಿಳುನಾಡಿನವರು ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋ ಹಾಗಿಲ್ಲ. ಸಾಹುಕಾರರು ಸರಿಯಾದ ತೆರಿಗೆಯನ್ನು ಕೈಯಿಂದ ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ ಹಾಕಬೇಕಾಯಿತು. ಕಾನೂನಿನಲ್ಲಿ ಇದಕ್ಕೆ ಬಡ್ಡಿ ಇಲ್ಲ, ಅದೊಂದೇ ಪುಣ್ಯ. ಆ ವರ್ಷ ನನ್ನ ಸಂಬಳ ಏರುವ ಮಾತೇ ಬರಲಿಲ್ಲ.

ಅದಕ್ಕೇ ಹೇಳೋದು, 'ಇನ್ ಅಂದರೆ ಇಲ್ಲ' ಅನ್ನೋ ಪಟ್ಟಿ ಪಕ್ಕಕ್ಕಿಡಿ. ಪೆಟ್ರೋಲ್ ಟ್ಯಾಂಕರ್ ಮೇಲೆ ಇನ್‌ಫ್ಲೇಮಬಲ್ ಅಂತ ಬರೆದಿರುತ್ತಾರೆ. ಬೆಂಕಿ ಹತ್ತಲ್ಲ ಅಂತ ಬೀಡಿ ಹಚ್ತೀರಾ? ಅಲ್ಲಿ ಇನ್‌ಗೆ ಇಲ್ಲ ಅನ್ನೋ ಅರ್ಥವೇ ಇಲ್ಲ. ಇನ್‌ವ್ಯಾಲ್ಯುಯೆಬಲ್‌ನಲ್ಲಿ ಆ ಅರ್ಥ ಇದೆ, ಆದರೂ ಅದು ಬೆಲೆ ಇಲ್ಲದ ವಸ್ತು ಅಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ 'ಅಮೂಲ್ಯ'ದ ಕಥೆಯೂ ಅದೇ.

ಜೋಡಿ ಪದಗಳನ್ನು ಬಳಕೆಯ ಸಮೇತ ಕಲಿಯಿರಿ. ಬೆಂಗಳೂರಿಗೆ ಇಂಟರ್‌ಸಿಟಿ ರೈಲು, ಊರುಗಳ ನಡುವೆ. ಆಸ್ಪತ್ರೆಯ ಐವಿ ಡ್ರಿಪ್‌ನ ಐ ಅಂದರೆ ಇಂಟ್ರಾ, ರಕ್ತನಾಳದ ಒಳಗೆ. ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವನು. ಡಿಸ್‌ಇಂಟರೆಸ್ಟೆಡ್ ಅಂದರೆ ತನಗೇನೂ ಲಾಭ ಇಲ್ಲದೆ ನ್ಯಾಯ ಹೇಳುವವನು. ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳ್ತಾರೆ.

ಇಷ್ಟಾದರೂ ಪಟ್ಟಿಯೇ ಬೇಕು ಅಂದರೆ ಹೈಪರ್, ಹೈಪೋ ಎರಡನ್ನು ಬಾಯಿಪಾಠ ಮಾಡಿ. ಥೈರಾಯ್ಡ್ ಆಗಲಿ ಬಿಪಿ ಆಗಲಿ, ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಡಿಮೆ.