ಹೆಂಡತಿ ಮಕ್ಕಳ ಜೊತೆ ಕ್ಯಾಟಮರಾನ್, ಅಂದ್ರೆ ಎರಡು ಒಡಲಿನ ಹಾಯಿದೋಣಿಯಲ್ಲೇ ಎರಡು ವರ್ಷ ಸಂಸಾರ ಮಾಡಬೇಕು ಅಂತಿದ್ದೀವಿ. ನಾವು ಚಿಂತಾಮಣಿಯವರು, ನಾಲ್ಕು ಜನ, ಮಗಳಿಗೆ ಒಂಬತ್ತು ವರ್ಷ. 38 ಅಡಿಯದು ಸಾಕಾ, ಮಕ್ಕಳು ಬೆಳೀತಾರೆ, ಜಾಗ ಬೇಕು ಅಂತ 45 ಅಡಿಯದೇ ಬೇಕಾ? ಮಂಗಳೂರಿಗೆ ತಂದು ಅಲ್ಲೇ ಇರಬಹುದಾ?

ನಿಮ್ಮ ಪ್ರಶ್ನೆಯಲ್ಲಿ ಚಿಂತಾಮಣಿ ಅಂತ ಇರೋ ಕಡೆ ಕೋಲಾರ ಅಂತ ಬರೆದುಬಿಟ್ರೆ ಇದು 2017ರಲ್ಲಿ ನಾನು ಕಂಡಕಂಡವರನ್ನೆಲ್ಲ ಕೇಳ್ತಿದ್ದ ಪ್ರಶ್ನೆ. ಆಗ ನನ್ನ ಮಗಳಿಗೂ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸ. ಬಾಡಿಗೆ ಮನೆ ಖಾಲಿ ಮಾಡಿ, ಊರಲ್ಲಿದ್ದ ಸೈಟು ಮಾರಿ, ಇಪ್ಪತ್ತು ವರ್ಷ ಹಳೆಯ 38 ಅಡಿ ಕ್ಯಾಟಮರಾನ್ ಕೊಂಡ್ವಿ. ಎರಡು ವರ್ಷ ಮೂರು ತಿಂಗಳು ಅದೇ ನಮ್ಮ ಮನೆ. ಅಳತೆಯ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ನೀರಿನ ಕ್ಯಾನುಗಳ ವಿಷಯ ಹೇಳಬೇಕು.

ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಬೋರ್‌ವೆಲ್ 1,200 ಅಡಿ ಇಳಿದ್ರೂ ನೀರು ಸಿಕ್ಕರೆ ಸಿಕ್ತು, ಸಿಕ್ಕಿದ್ದರಲ್ಲಿ ಫ್ಲೋರೈಡು. ನಾನು ಬೆಳೆದ ಮನೆಯಲ್ಲಿ ರಾತ್ರಿ ಒಂದು ಗಂಟೆಗೆ ಬೀದಿಯಲ್ಲಿ "ನೀರ್ ಬಿಟ್ರೂ" ಅಂತ ಕೂಗು ಬಿದ್ರೆ ಎಲ್ಲರೂ ಎದ್ದು ನಿಲ್ತಿದ್ವಿ. ಹಂಡೆ, ಡ್ರಮ್ಮು, ಬಿಂದಿಗೆ, ಕೊನೆಗೆ ಅನ್ನ ಮಾಡೋ ಪಾತ್ರೆ ಕೂಡ ತುಂಬಬೇಕು. ಒಂದು ಚೊಂಬು ಖಾಲಿ ಉಳಿದಿದ್ರೂ ಅಮ್ಮನಿಗೆ ನಿದ್ದೆ ಬರ್ತಿರಲಿಲ್ಲ. ಈ ಅಭ್ಯಾಸವನ್ನ ನಾನು ಹಾಗೇ ಸಮುದ್ರಕ್ಕೆ ಹೊತ್ಕೊಂಡು ಹೋದೆ.

ದೋಣಿಯಲ್ಲಿ ತಲಾ 300 ಲೀಟರಿನ ಎರಡು ಟ್ಯಾಂಕ್ ಇದ್ವು. ಜೊತೆಗೆ ವಾಟರ್‌ಮೇಕರ್ ಇತ್ತು: ಸಮುದ್ರದ ನೀರನ್ನ 55-60 ಬಾರ್ ಒತ್ತಡದಲ್ಲಿ ಪೊರೆಯ ಮೂಲಕ ನುಗ್ಗಿಸಿ ಸಿಹಿನೀರು ಮಾಡೋ ಯಂತ್ರ. ನಮ್ಮ ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನು ತುಂಬಿಸ್ತೀವಲ್ಲ, ಆ ಘಟಕದ್ದೂ ಇದೇ ತತ್ವ, ಒತ್ತಡ ಮಾತ್ರ ಇಲ್ಲಿ ಎಷ್ಟೋ ಪಟ್ಟು ಜಾಸ್ತಿ. ಆದರೆ ಮರೀನಾ, ಅಂದ್ರೆ ದೋಣಿಗಳನ್ನ ಕಟ್ಟಿ ನಿಲ್ಲಿಸೋ ಬಂದರಿನೊಳಗೆ ನೀರಲ್ಲಿ ಕೆಸರು, ಡೀಸೆಲ್ ಜಿಡ್ಡು ಇರುತ್ತೆ, ಪೊರೆ ಹಾಳಾಗುತ್ತೆ ಅಂತ ಅಲ್ಲಿ ಅದನ್ನ ಓಡಿಸೋ ಹಾಗಿಲ್ಲ. ಓಡಿಸದೇ ಇದ್ದ ಯಂತ್ರದ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಮೋಟಾರ್ ಸುಟ್ಟುಹೋದ್ರೆ? ಪೊರೆ ಕೆಟ್ಟರೆ? ಪಂಪ್‌ಸೆಟ್ ಸುಟ್ಟು ವಾರಗಟ್ಟಲೆ ನೀರಿಲ್ಲದೆ ಕೂತ ಊರಿನವನಿಗೆ ಬೇರೆ ಯೋಚನೆ ಬರಲಿಲ್ಲ. ಕಟ್ಟೆಯ ಮೇಲೆ ಇಪ್ಪತ್ನಾಲ್ಕು ಗಂಟೆ ನಲ್ಲಿನೀರು ಬರ್ತಿತ್ತು. ಇಪ್ಪತ್ತು ಲೀಟರಿನ 22 ಕ್ಯಾನು ಕೊಂಡು ತುಂಬಿಸಿದೆ. ಜಾಗ ಎಲ್ಲಿತ್ತು? ನೀರಲ್ಲಿ ಕೂರೋ ಎರಡೂ ಒಡಲುಗಳ ಮೂತಿಯಲ್ಲಿ, ಅಂದ್ರೆ ಮುಂದಿನ ತುದಿಯಲ್ಲಿ, ದೊಡ್ಡ ದೊಡ್ಡ ಪೆಟ್ಟಿಗೆಗಳು ಖಾಲಿ ಇದ್ವು. ಅಲ್ಲಿ ಇಳಿಸಿದೆ.

"ಯಾಕ್ರೀ ಇಷ್ಟೊಂದು? ನಲ್ಲಿ ಇಲ್ಲೇ ಇದೆಯಲ್ಲ" ಅಂದಳು ನನ್ನ ಹೆಂಡತಿ. ಅವಳು ತೀರ್ಥಹಳ್ಳಿ ಕಡೆಯವಳು, ನಿಂಗೇನ್ ಗೊತ್ತು ನೀರಿನ ಬೆಲೆ ಅಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನಗೆ ಬೇಜಾರಿದೆ.

ಈ ಭಾಗ ನಿಧಾನವಾಗಿ ಓದಿ. ಒಂದೇ ಒಡಲಿನ ಹಾಯಿದೋಣಿಗೆ ತಳದಲ್ಲಿ ಟನ್‌ಗಟ್ಟಲೆ ಸೀಸವೋ ಕಬ್ಬಿಣವೋ ಇರುತ್ತೆ, ಅದು ಹುಟ್ಟಿದಾಗಿನಿಂದಲೇ ಭಾರ ಹೊರೋ ಜಾತಿ. ಕ್ಯಾಟಮರಾನ್‌ಗೆ ಆ ತೂಕ ಇಲ್ಲ. ಎರಡು ಒಡಲುಗಳ ನಡುವಿನ ಅಗಲವೇ ಅದನ್ನ ಮಗುಚದ ಹಾಗೆ ಹಿಡಿದಿರೋದು. ಒಡಲುಗಳು ಸಪೂರ, ಹಾಗಾಗಿ ಭಾರ ಹಾಕಿದ ಹಾಗೆಲ್ಲ ಬೇಗ ಇಳೀತವೆ. ನಮ್ಮ ಅಳತೆಯ ದೋಣಿ ಒಂದು ಸೆಂಟಿಮೀಟರ್ ಇಳಿಯೋಕೆ 200 ಕಿಲೋ ಕೂಡ ಬೇಡ. ಎರಡು ಒಡಲನ್ನ ಸೇರಿಸೋ ನಡು ಅಟ್ಟ ಇರುತ್ತಲ್ಲ, ಅಡುಗೆ, ಊಟ, ಪಾಠ ಎಲ್ಲಾ ನಡೆಯೋ ಜಾಗ, ಅದರ ಅಡಿಗೂ ನೀರಿಗೂ ನಮ್ಮದರಲ್ಲಿ ಎರಡಡಿ ಅಂತರ ಇತ್ತು. ಅಲೆಗಳು ಆ ಸಂದಿಯಲ್ಲಿ ಹಾದುಹೋಗಬೇಕು. ದೋಣಿ ಇಳಿದಷ್ಟೂ ಸಂದಿ ಕಿರಿದಾಗುತ್ತೆ, ಅಲೆ ಹಾದುಹೋಗೋ ಬದಲು ಕೆಳಗಿಂದ ಅಟ್ಟಕ್ಕೆ ಗುದ್ದುತ್ತೆ. ಮೂತಿಯಲ್ಲಿ ಭಾರ ಇಟ್ರೆ ಇನ್ನೂ ಕೆಟ್ಟದ್ದು. ಮೂತಿ ಅಲೆಯ ಮೇಲೆ ಏಳಬೇಕಾದ ಹೊತ್ತಿಗೆ ಏಳಲ್ಲ, ಅಲೆಯೊಳಗೇ ಹೋಗುತ್ತೆ. ಎರಡು ಮೂತಿಗಳ ನಡುವೆ ಅಟ್ಟ ಕಟ್ಟದೆ ಬಲೆ ಬಿಗಿದಿರ್ತಾರೆ ನೋಡಿ, ಮಕ್ಕಳು ಕುಣೀಲಿ ಅಂತಲ್ಲ, ಮೂತಿ ಹಗುರ ಇರಲಿ, ಬಿದ್ದ ನೀರು ಸೋರಿಹೋಗಲಿ ಅಂತ. ಹಾಗೆ ಹಗುರ ಇರಬೇಕಾದ ಕಡೆ ನಾನು 440 ಕಿಲೋ ನೀರು ಇಟ್ಟಿದ್ದೆ. ಜೊತೆಗೆ, ಇರಲಿ ಅಂತ 60 ಮೀಟರ್ ಹೆಚ್ಚುವರಿ ಲಂಗರು ಸರಪಳಿ. ಹತ್ತು ಮಿಲಿಮೀಟರ್ ಸರಪಳಿ ಮೀಟರಿಗೆ ಎರಡು ಕಿಲೋ ಮೇಲೆ ತೂಗುತ್ತೆ.

ಕಣ್ಣಿಗೆ ಕಾಣೋ ಗುರುತು ಇತ್ತು. ದೋಣಿಯ ತಳಕ್ಕೆ ಪಾಚಿ, ಚಿಪ್ಪಿನ ಜೀವಿಗಳು ಹತ್ತದ ಹಾಗೆ ತಾಮ್ರ ಬೆರೆತ ಬಣ್ಣ ಬಳಿದಿರ್ತಾರೆ, ಅದರ ಮೇಲೆ ಬಿಳಿ. ನಮ್ಮ ದೋಣಿಯ ಬಿಳಿ ಭಾಗದಲ್ಲಿ ಹಸಿರು ಪಾಚಿ ಕಟ್ತಿತ್ತು. ಹಿಂದುಗಡೆ ಒಂದು ಬೆರಳಗಲ, ಮೂತಿ ಹತ್ತಿರ ಪೂರಾ ಒಂದು ಗೇಣು. ಪ್ರತಿ ಭಾನುವಾರ ಡಿಂಗಿ ಅನ್ನೋ ಪುಟ್ಟ ದೋಣಿಯಲ್ಲಿ ಕೂತು, ತೆಂಗಿನ ನಾರು ಹಿಡಿದು ಅದನ್ನ ಉಜ್ಜುತ್ತಿದ್ದೆ. ಬೆಚ್ಚಗಿನ ಸಮುದ್ರ, ಪಾಚಿ ಬೇಗ ಬೆಳೆಯುತ್ತೆ ಅಂದ್ಕೊಂಡೆ. ಬಿಳಿ ಬಣ್ಣ ನೀರೊಳಗೆ ಯಾಕಿದೆ ಅಂತ ಒಂದು ವರ್ಷ ಪೂರ್ತಿ ನನಗೆ ಹೊಳೀಲಿಲ್ಲ.

2018ರ ಆಗಸ್ಟ್ 31, ಶುಕ್ರವಾರ, ಅಲ್ಲಿನ ಸ್ವಾತಂತ್ರ್ಯ ದಿನ. ಮೂರು ದಿನ ರಜೆ ಸಿಕ್ತು ಅಂತ ಗುರುವಾರ ಸಂಜೆಯೇ ಲಂಕಾವಿ ದ್ವೀಪಕ್ಕೆ ಹೊರಟ್ವಿ. ಪೆನಾಂಗ್‌ನಿಂದ ಉತ್ತರಕ್ಕೆ ಸುಮಾರು 60 ನಾಟಿಕಲ್ ಮೈಲಿ, ಅಂದ್ರೆ 110 ಕಿಲೋಮೀಟರ್, ಬೆಳಗಿನ ಹೊತ್ತಿಗೆ ಮುಟ್ಟಬಹುದು. ಆ ತಿಂಗಳುಗಳಲ್ಲಿ ಮಲಕ್ಕಾ ಜಲಸಂಧಿಯಲ್ಲಿ ನಡುರಾತ್ರಿ ಕಳೆದ ಮೇಲೆ ಬಿರುಮಳೆಯ ಸಾಲು ಬರುತ್ತೆ, ನಾವಿಕರು ಅದಕ್ಕೆ ಸುಮಾತ್ರಾ ಅಂತಲೇ ಹೆಸರಿಟ್ಟಿದ್ದಾರೆ. ಒಂದೆರಡು ಗಂಟೆ ಬಡಿದು ಹೋಗುತ್ತೆ. ನಮಗೆ ಅದು ಎರಡೂ ಮುಕ್ಕಾಲಿಗೆ ಸಿಕ್ತು. ಗಾಳಿ ವಾಯುವ್ಯಕ್ಕೆ ತಿರುಗಿ ಎದುರಿಗೇ ಬಂತು, 35 ನಾಟ್, ಗಂಟೆಗೆ 65 ಕಿಲೋಮೀಟರ್. ಹಾಯಿ ಅರ್ಧಕ್ಕೂ ಕಡಿಮೆ ಮಾಡಿದ್ವಿ. ಅಲೆಗಳು ತೀರಾ ದೊಡ್ಡವೂ ಅಲ್ಲ, ಕಡಿದಾಗಿ ಒಂದರ ಹಿಂದೆ ಒಂದು ಬರ್ತಿದ್ವು.

ನೆಲದ ಕೆಳಗಿಂದ ಯಾರೋ ಒನಕೆ ಎತ್ತಿ ಕುಟ್ಟಿದ ಹಾಗೆ. ಪ್ರತಿ ಏಟಿಗೂ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿ ಗೇಣುದ್ದ ಹಾರಿ ಬೀಳ್ತಿತ್ತು. ಇಪ್ಪತ್ತು ನಿಮಿಷ ಆದಮೇಲೆ ಬೇರೆ ಥರದ ಸದ್ದು, ಒಣಗಿದ ತೆಂಗಿನ ಮಟ್ಟೆ ಮುರಿದ ಹಾಗೆ ಲಟಕ್ ಅಂತ. ಮಗಳ ಕೋಣೆಯಿಂದ. "ಅಪ್ಪಾ, ಬಾಗಿಲು ತೆಗೆಯೋಕೆ ಆಗ್ತಿಲ್ಲ" ಅಂತ ಕೂಗಿದಳು. ಚೌಕಟ್ಟು ವಾಲಿ ಬಾಗಿಲು ಕಚ್ಕೊಂಡಿತ್ತು. ಹೆಂಡತಿ ಚುಕ್ಕಾಣಿ ತಿರುಗಿಸಿ ದೋಣಿಯ ಬೆನ್ನನ್ನ ಗಾಳಿಗೆ ಕೊಟ್ಟಳು, ಗುದ್ದು ನಿಂತಿತು. ನಾನು ಬಾಗಿಲನ್ನ ಒದ್ದು ತೆಗೆದೆ. ಮಗಳು ಲೈಫ್ ಜಾಕೆಟ್ ಹಾಕ್ಕೊಂಡು, ಶಾಲೆ ಬ್ಯಾಗನ್ನ ಎದೆಗೆ ಒತ್ತಿ ಹಿಡ್ಕೊಂಡು ಮಂಚದ ಮೂಲೆಯಲ್ಲಿ ಕೂತಿದ್ದಳು.

ಬೆಳಕು ಹರಿದಾಗ ಗಾಳಿ ಇರಲಿಲ್ಲ. ಹೆಂಡತಿ ಮೂತಿಗೆ ಹೋಗಿ ಕ್ಯಾನುಗಳನ್ನ ಒಂದೊಂದಾಗಿ ಎತ್ತಿ, ಮುಚ್ಚಳ ತಿರುಗಿಸಿ ಸಮುದ್ರಕ್ಕೆ ಸುರಿದಳು. 22 ಕ್ಯಾನು ಸಿಹಿನೀರು. ನನ್ನಿಂದ ನೋಡೋಕೆ ಆಗಲಿಲ್ಲ, ಚುಕ್ಕಾಣಿ ಹಿಡಿದು ಬೇರೆ ಕಡೆ ಮುಖ ಮಾಡಿದ್ದೆ.

ಲಂಕಾವಿಯಲ್ಲಿ ದೋಣಿಯನ್ನ ನೀರಿನಿಂದ ಎತ್ತಿಸಿದ್ವಿ. ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ಚಿಕ್ಕ ಸುತ್ತಿಗೆ ಹಿಡಿದು ಇಂಚಿಂಚೂ ತಟ್ಟಿ ಕೇಳಿಸ್ಕೊಂಡ. ಬಲ್ಕ್‌ಹೆಡ್ ಅಂತಾರಲ್ಲ, ಒಡಲಿನೊಳಗಿನ ಅಡ್ಡಗೋಡೆ, ಅದನ್ನ ಒಡಲಿಗೆ ಕಚ್ಚಿಸಿದ್ದ ಫೈಬರ್ ಪಟ್ಟಿ ಮೂರಡಿ ಉದ್ದಕ್ಕೆ ಬಿಟ್ಟುಹೋಗಿತ್ತು. ಆಮೇಲೆ ಅವನು ಒಂದು ತೂಕದ ಯಂತ್ರ ತರಿಸಿ, ಸಾಮಾನೆಲ್ಲ ಇಳಿಸಿ ತೂಗಿ ಬರೆಸಿದ. ದೋಣಿ ಕಟ್ಟಿದವರು ಹೇಳಿದ್ದು ಜನ, ನೀರು, ಡೀಸೆಲ್ ಎಲ್ಲಾ ಸೇರಿ 1,900 ಕಿಲೋ. ನಾವು ಹಾಕಿದ್ದು 3,100. ಅಕ್ಕಿ, ರಾಗಿಹಿಟ್ಟು, ಬೇಳೆ 120 ಕಿಲೋ, ಪುಸ್ತಕ 90 ಕಿಲೋ, ಕಲ್ಲಿನ ಗ್ರೈಂಡರು ಬೇರೆ. ರಿಪೇರಿಗೆ ಏಳು ವಾರ, ರೂಪಾಯಿ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಲಕ್ಷ. ತುಂಬಾ ತೂಕ ಹೇರಿದ್ದೇ ಕಾರಣ ಅಂತ ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ, ಅವರು ಹೇಳಿದ್ದು ನಿಜವೂ ಹೌದು. ಮಗಳು ಆಮೇಲೆ ಆರು ತಿಂಗಳು ಆ ಕೋಣೆಯಲ್ಲಿ ಮಲಗಲಿಲ್ಲ.

ಈಗ ನಿಮ್ಮ ಪ್ರಶ್ನೆ. 45 ಬೇಡ. ಮಕ್ಕಳು ಬೆಳೀತಾರೆ, ಜಾಗ ಬೇಕು ಅಂತ ಬರೆದಿದ್ದೀರಿ. ಮಕ್ಕಳು ದೋಣಿಯೊಳಗೆ ಇರೋದೇ ಕಡಿಮೆ ರೀ. ಬಲೆಯ ಮೇಲೆ, ಡಿಂಗಿಯಲ್ಲಿ, ನೀರಲ್ಲಿ ಇರ್ತಾರೆ. ದೊಡ್ಡ ದೋಣಿಯಲ್ಲಿ ಹೆಚ್ಚಾಗೋದು ಕಪಾಟು, ನಮ್ಮಂಥವರು ಖಾಲಿ ಕಪಾಟು ಕಂಡ್ರೆ ಸುಮ್ನಿರಲ್ಲ, ತುಂಬಿಸ್ತೀವಿ. ಅದರ ಮೇಲೆ 38 ಅಡಿಯದು ಆರೂವರೆ ಮೀಟರ್ ಅಗಲ, 45ರದ್ದು ಏಳೂವರೆ ದಾಟುತ್ತೆ. ಅಷ್ಟು ಅಗಲದ್ದನ್ನ ಎತ್ತೋ ಯಂತ್ರ ಎಲ್ಲಾ ಕಡೆ ಇಲ್ಲ. ಎರಡು ಒಡಲು ಅಂತ ಮರೀನಾದವರು ಎಷ್ಟೋ ಕಡೆ ಒಂದೂವರೆ ಪಟ್ಟು ಬಾಡಿಗೆ ಕೇಳ್ತಾರೆ. ಕೊಂಡ ಬೆಲೆಯ ಹತ್ತರಲ್ಲೊಂದು ಭಾಗ ಪ್ರತಿ ವರ್ಷ ರಿಪೇರಿಗೆ ಅಂತ ಎತ್ತಿಡಿ, ನಮಗೆ ಅಷ್ಟೂ ಖರ್ಚಾಯ್ತು. ಮಂಗಳೂರಿಗೆ ತಂದು ಅಲ್ಲೇ ಇರಬಹುದಾ ಅಂತಲೂ ಕೇಳಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಡುವಣ ಕಡಲಲ್ಲಿ ಹಾಯಿದೋಣಿ ಸಂಸಾರ ಆಗಲ್ಲ, ಆ ಯೋಚನೆ ಬಿಡಿ. ಕೊಳ್ಳೋ ಮೊದಲು ಲಂಕಾವಿಯಲ್ಲೋ ಥಾಯ್ಲೆಂಡಿನ ಫುಕೆಟ್‌ನಲ್ಲೋ ಒಂದು ವಾರ ಬಾಡಿಗೆ ದೋಣಿ ಹಿಡಿದು ನಾಲ್ಕೂ ಜನ ಇದ್ದು ನೋಡಿ.

ರಿಪೇರಿ ಆದಮೇಲಿನ ಒಂದು ವರ್ಷವೇ ನಾವು ನಿಜವಾಗಿ ದೋಣಿಯಲ್ಲಿ ಬದುಕಿದ್ದು. ವಾಟರ್‌ಮೇಕರನ್ನ ಶನಿವಾರ ಶನಿವಾರ ಹೊರಗಿನ ಸ್ವಚ್ಛ ನೀರಿಗೆ ಹೋಗಿ ಓಡಿಸ್ತಿದ್ವಿ, ಒಂದು ದಿನಾನೂ ಕೈ ಕೊಡಲಿಲ್ಲ. ನಾಲ್ಕು ಜನಕ್ಕೆ ದಿನಕ್ಕೆ 45 ಲೀಟರ್ ಸಾಕಾಯ್ತು. ಹೊರಗೆ ಲಂಗರು ಹಾಕಿದಾಗ ಪಾತ್ರೆಯನ್ನ ಕಾಲಲ್ಲಿ ಒತ್ತೋ ಪಂಪಿನಿಂದ ಬರೋ ಉಪ್ಪುನೀರಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಜಾಲಿಸೋದು. ಸ್ನಾನವೂ ಹಾಗೇ, ಸಮುದ್ರದಲ್ಲಿ ಮುಳುಗಿ ಎದ್ದು ಮೈಮೇಲೆ ಎರಡು ಚೊಂಬು ಸಿಹಿನೀರು. ಈ ಉಳಿತಾಯ ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ, ನಿಮ್ಮ ಮನೆಯವರು ಮೊದಲ ದಿನವೇ ಚೆನ್ನಾಗಿ ಮಾಡ್ತಾರೆ. ಅಂಗಡಿಯ ರಟ್ಟಿನ ಡಬ್ಬ ಒಳಗೆ ತರಬೇಡಿ, ಜಿರಳೆ ಮೊಟ್ಟೆ ಜೊತೆಯಲ್ಲೇ ಬರುತ್ತೆ. ರಾಗಿಹಿಟ್ಟನ್ನ ಎರಡೆರಡು ಕಿಲೋ ಮಾತ್ರ ತನ್ನಿ, ಆ ತೇವಕ್ಕೆ ತಿಂಗಳಲ್ಲಿ ಹುಳ ಬೀಳುತ್ತೆ. ಕುಕ್ಕರ್ ಒಂದಿದ್ರೆ ಸಾಕು, ಅಲೆಗೆ ಉರುಳಿದ್ರೂ ಮುಚ್ಚಳ ಬಿಚ್ಚಿಕೊಳ್ಳಲ್ಲ. ಕ್ಯಾಟಮರಾನ್ ಹೆಚ್ಚು ವಾಲಲ್ಲ, ಹಾಗಾಗಿ ಹಾಯಿ ಬಿಚ್ಚಿ ಹೋಗ್ತಿರುವಾಗಲೇ ನನ್ನ ಹೆಂಡತಿ ಒಲೆಗೆ ಸೊಂಟ ಆನಿಸಿ ನಿಂತು ಮುದ್ದೆ ತಿರುವುತ್ತಿದ್ದಳು. ಬೆಳಿಗ್ಗೆ ಎಂಟರಿಂದ ಹನ್ನೊಂದು ಮೇಜಿನ ಮೇಲೆ ಪಾಠ. ಊರಿಗೆ ಬಂದಮೇಲೆ ಮಗಳಿಗೆ ಗಣಿತ ತೊಂದರೆಯಾಗಲಿಲ್ಲ, ಕನ್ನಡ ಬರವಣಿಗೆ ಹಿಂದೆ ಬಿದ್ದಿತ್ತು. ನೀವು ದಿನಾ ಒಂದು ಪುಟ ಬರೆಸಿ.

ಆ ವರ್ಷವೇ ಅಮ್ಮ ಬಂದು ಮೂರು ವಾರ ಇದ್ರು. ಒಳಗೆ ಕಾಲಿಟ್ಟ ದಿನವೇ ಸಿಂಕಿನ ಕೆಳಗೆ ಬಗ್ಗಿ ನೋಡಿ, "ನೀರು ಎಲ್ಲಿ ತುಂಬಿಟ್ಟಿದ್ದೀಯಪ್ಪಾ?" ಅಂದ್ರು. ಶನಿವಾರ ದೋಣಿ ಹೊರಗೆ ಹೋದಾಗ ಯಂತ್ರ ಓಡಿಸಿ ತೋರಿಸಿದೆ. ಸಣ್ಣ ಪೈಪಿನಿಂದ ಬರ್ತಿದ್ದ ನೀರಿಗೆ ಲೋಟ ಹಿಡಿದು ಕುಡಿದ್ರು. "ನಮ್ಮೂರ ಫಿಲ್ಟರ್ ನೀರೇ ಅಲ್ವೇನೋ ಇದು" ಅಂದು ಇನ್ನೊಂದು ಲೋಟ ಹಿಡಿದ್ರು. ಆ ರಾತ್ರಿ ಮಾತ್ರ ಮಲಗೋ ಮುಂಚೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಸದ್ದಿಲ್ಲದೆ ತುಂಬಿಸಿಟ್ರು. ನಾನು ಕಂಡೂ ಏನೂ ಅನ್ನಲಿಲ್ಲ, ಎಲ್ಲಾ ಸೇರಿ ಹತ್ತು ಲೀಟರ್ ಇರಬಹುದು.

ನೀವು ಒಂದು ಕೆಲಸ ಮಾಡಿ. ತಗೊಂಡು ಹೋಗ್ತೀವಿ ಅಂದ್ಕೊಂಡಿರೋ ಪ್ರತಿ ಸಾಮಾನನ್ನ ಮನೆಯಲ್ಲೇ ತೂಗಿ ಪಟ್ಟಿ ಮಾಡಿ ಇಲ್ಲಿ ಹಾಕಿ. ಮೊದಲ ಸಾಲಲ್ಲಿ ನೀರು ಬರೀರಿ, ಎಷ್ಟು ಕ್ಯಾನು, ಎಲ್ಲಿ ಇಡ್ತೀರಿ ಅಂತ. ಪಟ್ಟಿ ಬಂದಮೇಲೆ ಯಾವ ದೋಣಿ ಅಂತ ಕೂತು ಮಾತಾಡೋಣ.