ಎಲ್ಲರಿಗೂ ‘ಎ’ ಗ್ರೇಡ್ ಹಾಕಿಬಿಟ್ಟರೆ ಸಾಕಾ?

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಪ್ರಕಾರ ಪ್ರತಿ ಮಗುವಿಗೂ ಗ್ರೇಡ್ ಕೊಡಬೇಕು. ಕೈ ಚೆನ್ನಾಗಿರುವ ನಾಲ್ಕೈದು ಮಕ್ಕಳಿಗೆ ‘ಎ ಪ್ಲಸ್’, ಮಿಕ್ಕವರಿಗೆಲ್ಲ ‘ಎ’ ಹಾಕುತ್ತೇನೆ. ಯಾರೂ ಕೇಳುವುದಿಲ್ಲ, ಆದರೆ ನನಗೇ ಸಮಾಧಾನವಿಲ್ಲ. ತರಬೇತಿಗೆ ಹೋದರೆ ಹೊಸ ಕ್ರಾಫ್ಟ್ ಹೇಳಿಕೊಟ್ಟು ಕಳಿಸುತ್ತಾರೆ. ಮೌಲ್ಯಮಾಪನದ ಮಾತೇ ಬರುವುದಿಲ್ಲ. ಏನು ಮಾಡಲಿ?
– ಚಿತ್ರಕಲಾ ಶಿಕ್ಷಕ, ದಾವಣಗೆರೆ ಜಿಲ್ಲೆ

ಉತ್ತರ: ಮೇಷ್ಟ್ರೇ, ಯಾರೂ ಕೇಳದ ಗ್ರೇಡಿನ ಬಗ್ಗೆ ನೀವು ತಲೆ ಕೆಡಿಸಿಕೊಂಡಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ನಮ್ಮಲ್ಲಿ ಹೆಚ್ಚಿನವರು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದವರು. ಅಲ್ಲಿ ಮುಗಿದ ಶೀಟ್ ನೋಡಿ ಅಂಕ ಹಾಕುತ್ತಾರೆ. ಪರೀಕ್ಷೆಗೆ ಅದು ಸರಿ. ಆದರೆ ಜೂನ್‌ನಲ್ಲಿ ಬಂದ ಮಗು ಮಾರ್ಚ್ ಹೊತ್ತಿಗೆ ಏನು ಕಲಿಯಿತು ಅನ್ನುವುದು ಒಂದೇ ಶೀಟಿನಲ್ಲಿ ಕಾಣುವುದಿಲ್ಲ.

ನಾನು ಸಾಗರದ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅಡಿಕೆ ಸುಲಿಯುವ ಹೆಂಗಸರ ಚಿತ್ರ ಬರೆದಳು. ಎಲ್ಲರೂ ಸಾಲಾಗಿ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು, ಗ್ರೂಪ್ ಫೋಟೋ ತರಹ. ಮನೆಗೆ ಹೋಗಿ ನೋಡಿ ಬಾ ಅಂದೆ. ಆಮೇಲಿನ ಶೀಟಿನಲ್ಲಿ ಒಬ್ಬಳು ಬೆನ್ನು ಹಾಕಿ ಕೂತಳು. ಅದರ ಮುಂದಿನದರಲ್ಲಿ ಇನ್ನೊಬ್ಬಳು ಕಂಬದ ಹಿಂದೆ ಅರ್ಧ ಮರೆಯಾದಳು, ಮೆಟ್ಟುಗತ್ತಿಯ ಮೇಲೆ ಕೈ ಎಲ್ಲಿ ಬರುತ್ತದೆ ಅನ್ನುವುದೂ ಸರಿಯಾಯಿತು. ಗೆರೆ ಕೊನೆಯವರೆಗೂ ಒರಟೇ. ಕೊನೆಯ ಶೀಟ್ ಒಂದನ್ನೇ ಇಟ್ಟರೆ ‘ಬಿ’ ಅನ್ನುವವರೇ ಜಾಸ್ತಿ. ಮೂರನ್ನೂ ಜೊತೆಗಿಟ್ಟು ನೋಡಿದರೆ, ಆ ಮಗು ನೋಡುವುದನ್ನು ಕಲಿತದ್ದು ಎದ್ದು ಕಾಣುತ್ತದೆ. ಅದಕ್ಕೆ ‘ಎ ಪ್ಲಸ್’ ಕೊಡಲು ನನಗೆ ಅನುಮಾನವೇ ಇರಲಿಲ್ಲ.

ಹಾಗಾಗಿ ಮೊದಲು ಹಳೆಯ ಶೀಟ್‌ಗಳನ್ನು ಎಸೆಯಲು ಬಿಡಬೇಡಿ. ಅಳಿಸಿದ್ದು, ಅರ್ಧಕ್ಕೆ ಬಿಟ್ಟದ್ದು ಎಲ್ಲ ಇರಲಿ. ಹಿಂದೆ ತಾರೀಖು ಬರೆಸಿ. ಒಂದು ಸಾಲು ಮಗುವೇ ಬರೆಯಲಿ: ಏನು ಬದಲಾಯಿಸಿದೆ, ಯಾಕೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೋ ಅನ್ನುವ ಸಂಶೋಧನಾ ತಂಡ 1980ರ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಶಾಲೆಗಳ ಜೊತೆ ಸೇರಿ ‘ಆರ್ಟ್ಸ್ ಪ್ರೊಪೆಲ್’ ಅನ್ನುವ ಕೆಲಸ ಮಾಡಿತು. ಅಲ್ಲೂ ಇದೇ ರೀತಿ, ಮುಗಿದ ಚಿತ್ರದ ಜೊತೆ ಕರಡುಗಳನ್ನೂ ಮಕ್ಕಳ ಟಿಪ್ಪಣಿಗಳನ್ನೂ ಫೈಲಿನಲ್ಲಿ ಕೂಡಿಡುತ್ತಿದ್ದರು. ನಮಗೆ ಅಂಥ ಫೈಲ್ ಬೇಕಿಲ್ಲ. ಎರಡು ರಟ್ಟು, ಒಂದು ದಾರ ಸಾಕು.

ಏನನ್ನು ನೋಡಬೇಕು ಅನ್ನುವುದನ್ನು ಚಿತ್ರ ಬರೆಯುವ ಮೊದಲೇ ಮಕ್ಕಳಿಗೆ ಹೇಳಿಬಿಡಿ. ಈ ಸಲ ‘ನಮ್ಮೂರ ಸಂತೆ’ ಕೊಟ್ಟರೆ, ಹತ್ತಿರದವರು ದೊಡ್ಡವರು, ದೂರದವರು ಚಿಕ್ಕವರು, ಒಬ್ಬರ ಹಿಂದೆ ಒಬ್ಬರು ಮರೆಯಾಗಬೇಕು, ಅಷ್ಟೇ. ಬಣ್ಣ ಹೊರಗೆ ಹೋಯಿತಾ ಅಂತ ಆ ಸಲ ನೋಡಲೇಬೇಡಿ. ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೋದರೆ ಕಣ್ಣು ಮತ್ತೆ ನೀಟಾದ ಚಿತ್ರದ ಕಡೆಗೇ ಓಡುತ್ತದೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನ ಮರ. ಅದನ್ನು ಪ್ರತಿ ವರ್ಷ ಅಚ್ಚುಕಟ್ಟಾಗಿ ಬರೆದುಕೊಡುವ ಮಗುವಿಗೂ ನಾವು ಅನ್ಯಾಯ ಮಾಡುತ್ತಿದ್ದೇವೆ ಅಲ್ವಾ? ಆ ಮಗುವಿನಿಂದ ಹೊಸದನ್ನು ಯಾರೂ ಕೇಳಿಯೇ ಇಲ್ಲ.

ಇನ್ನು ತರಬೇತಿ. ಕ್ರಾಫ್ಟ್ ಕಲಿಯುವುದು ತಪ್ಪಲ್ಲ. ಆದರೆ ಒಂದೇ ಚಿತ್ರಕ್ಕೆ ಹತ್ತು ಮೇಷ್ಟ್ರುಗಳು ಯಾವ ಗ್ರೇಡ್ ಕೊಡುತ್ತಾರೆ ಅಂತ ಕೂತು ನೋಡುವುದು ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತರಬೇತಿ. ಇದಕ್ಕೆ ಡಯಟ್‌ನವರ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸುತ್ತೋಲೆ ಕಾಯಬೇಕಾಗಿಲ್ಲ. ತಾಲ್ಲೂಕಿನ ಚಿತ್ರಕಲಾ ಶಿಕ್ಷಕರೆಲ್ಲ ಸೇರುವ ದಿನ ಒಂದು ಗಂಟೆ ಕೇಳಿಕೊಳ್ಳಿ. ಒಂದು ಮಗುವಿನ ಮೂರು ತಿಂಗಳ ಶೀಟ್‌ಗಳನ್ನು ಗೋಡೆಗೆ ಅಂಟಿಸಿ. ಹೆಸರು, ಶಾಲೆ ಕಾಣದಂತೆ ಮುಚ್ಚಿ. ಪ್ರತಿಯೊಬ್ಬರೂ ಮಾತಾಡದೆ ಗ್ರೇಡ್ ಬರೆಯಲಿ, ಪಕ್ಕದಲ್ಲಿ ಕಾರಣ ಬರೆಯಲಿ. ಆಮೇಲೆ ಓದಿ. ‘ಎ ಪ್ಲಸ್’ ಕೊಟ್ಟವರೂ ‘ಬಿ’ ಕೊಟ್ಟವರೂ ಎದುರುಬದುರು ಕೂತು ವಾದ ಮಾಡಲಿ. ಮೊದಲ ಸಲ ಗದ್ದಲವಾಗಬಹುದು, ಒಮ್ಮತ ಬರಲೇಬೇಕು ಅಂತ ಹಟ ಬೇಡ. ಕಾರಣಗಳ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಸಲ ಯಾವ ಅಂಶ ನೋಡಬೇಕು ಅನ್ನುವುದನ್ನು ಅವುಗಳಿಂದಲೇ ಆರಿಸಿಕೊಳ್ಳಬಹುದು.