ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೆದ್ದಾರಿ ಕಾಮಗಾರಿ, ಕೆಸರುನೀರು ಮತ್ತು ಕಾನೂನು

ಪ್ರಶ್ನೆ: ಹೆದ್ದಾರಿ ಅಗಲೀಕರಣದಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ಗುಡ್ಡ ಕತ್ತರಿಸಿದಲ್ಲಿಂದ ಪ್ರತಿ ಮಳೆಗೂ ಕೆಸರುನೀರು ತೋಡಿಗೆ (ಸಣ್ಣ ಹಳ್ಳಕ್ಕೆ), ಅಲ್ಲಿಂದ ಅಡಿಕೆ ತೋಟಗಳಿಗೆ ಹೋಗುತ್ತಿದೆ. ಸಿಲ್ಟ್ ಫೆನ್ಸ್ (ಹೂಳು ತಡೆಯುವ ಬಟ್ಟೆಯ ಬೇಲಿ) ಕಟ್ಟಿದ್ದೇವೆ, ಹೂಳುಗುಂಡಿ ತೋಡಿದ್ದೇವೆ. ಆದರೂ ನೀರು ತಿಳಿಯಾಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?
– ಬಂಟ್ವಾಳ

ಉತ್ತರ: ಹೊರಹೋಗುವ ನೀರು ಹಾಲು ಬೆರೆಸಿದ ಚಹಾದ ಬಣ್ಣದ್ದಾದರೆ ಅದು ಶೇಡಿ ಮಣ್ಣು. ಕರಾವಳಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಪದರದ ಕೆಳಗೆ ಇರುವುದು ಇದೇ. ಒಣಗಿದ್ದಾಗ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಹರಿಯುತ್ತದೆ. ಅದರ ಕಣಗಳು ಬಹಳ ಸಣ್ಣವು. 0.02 ಮಿ.ಮೀ. ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ಬೇಕು. 0.002 ಮಿ.ಮೀ. ಕಣಕ್ಕೆ ಮೂರು ದಿನ ಮೀರುತ್ತದೆ. ನಿಮ್ಮ ಗುಂಡಿಯಲ್ಲಿ ನೀರು ಹತ್ತು ನಿಮಿಷವೂ ನಿಲ್ಲುತ್ತಿರಲಾರದು.

ಮೊದಲು ಲೆಕ್ಕ ಹಾಕಿ. ಒಂದು ಹೆಕ್ಟೇರ್ ಬರಿನೆಲದ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಂದು, ಅದರ ಶೇ 70 ಹರಿದರೂ ಗಂಟೆಗೆ 350 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 97 ಲೀಟರ್ ನೀರು. ಇದರಲ್ಲಿ 0.02 ಮಿ.ಮೀ. ಕಣ ತಳ ಸೇರಬೇಕಾದರೆ ಹೂಳು ಇಳಿಯುವ ಕೊಳದ ಮೇಲ್ಮೈ 270 ಚದರ ಮೀಟರ್ ಆದರೂ ಇರಬೇಕು. 10 ಮೀ. ಅಗಲ, 30 ಮೀ. ಉದ್ದ ಇಟ್ಟುಕೊಳ್ಳಿ. ಆಳಕ್ಕಿಂತ ಮೇಲ್ಮೈಯೇ ಮುಖ್ಯ. ಜೆಸಿಬಿ ಇದೆಯೆಂದು ಕಿರಿದಾದ ಆಳದ ಗುಂಡಿ ತೋಡುವುದು ಎಲ್ಲೆಡೆ ಕಾಣುವ ತಪ್ಪು. ನೀರು ಒಳಬರುವ ಜಾಗ ಮತ್ತು ಹೊರಹೋಗುವ ಜಾಗ ಎದುರುಬದುರು ತುದಿಗಳಲ್ಲಿರಲಿ. ಮೂರನೇ ಒಂದು ಭಾಗ ಹೂಳು ತುಂಬಿದ ಕೂಡಲೇ ತೆಗೆಸಿ.

ಇನ್ನೂ ಸಣ್ಣ ಕಣಗಳಿಗೆ ಆಲಂ (ಪಟಿಕ) ಬೇಕು. ಪ್ರಮಾಣವನ್ನು ಊಹಿಸಬೇಡಿ. ನಾಲ್ಕು ಗಾಜಿನ ಜಾಡಿಗಳಲ್ಲಿ ಅದೇ ಕೆಸರುನೀರು ತುಂಬಿ, ಲೀಟರಿಗೆ 20, 40, 60, 80 ಮಿಲಿಗ್ರಾಂ ಆಲಂ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿ. ಕಡಿಮೆ ಆಲಂನಲ್ಲಿ ಯಾವುದು ತಿಳಿಯಾಯಿತೋ ಅದೇ ನಿಮ್ಮ ಪ್ರಮಾಣ. ಆಲಂ ಸೇರಬೇಕಾದದ್ದು ಕೊಳದ ಒಳಹರಿವಿನಲ್ಲಿ. ತೋಡಿಗೆ ನೇರವಾಗಿ ಎರಚುವವರನ್ನು ಅಲ್ಲೇ ತಡೆಯಿರಿ. ಒಳನಾಡಿನ ನೀರಿಗೆ ಬಿಡುವಾಗ ತೇಲುಕಣಗಳ ಸಾಮಾನ್ಯ ಮಿತಿ ಲೀಟರಿಗೆ 100 ಮಿಲಿಗ್ರಾಂ.

ಇಷ್ಟು ಮಾಡಿದರೂ ಕೊಳ ಕೊನೆಯ ಉಪಾಯವೇ. ಹೊರಗಿನ ನೀರು ಕತ್ತರಿಸಿದ ಜಾಗಕ್ಕೆ ಬರದಂತೆ ಗುಡ್ಡದ ನೆತ್ತಿಯಲ್ಲಿ ಕಾಲುವೆ ಮಾಡಿ, ಅದಕ್ಕೆ ಕಾಂಕ್ರೀಟ್ ಲೈನಿಂಗ್ ಕೊಡಿ. ಲೈನಿಂಗ್ ಇಲ್ಲದ ಕಾಲುವೆ ಶೇಡಿಯೊಳಕ್ಕೆ ನೀರು ಇಳಿಸಿ ಗುಡ್ಡವನ್ನೇ ಜಾರಿಸುತ್ತದೆ. ಅದಕ್ಕಿಂತ ಕಾಲುವೆ ಇಲ್ಲದಿರುವುದೇ ವಾಸಿ. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸುವಾಗ ಮೇಲಂಚನ್ನು 30 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂಳಿ, ಗೂಟ ಹೊಡೆದು ನೆಲಕ್ಕೆ ಅಂಟಿಸಿ. ಚಾಪೆ ಎದ್ದು ನಿಂತ ಕಡೆ ನೀರು ಅದರಡಿಯೇ ಕೊರೆಯುತ್ತದೆ. ಮೇ ಮಧ್ಯದೊಳಗೆ ಹೊದಿಸಲಾಗದಷ್ಟು ಗುಡ್ಡವನ್ನು ಏಪ್ರಿಲ್‌ನಲ್ಲಿ ಕತ್ತರಿಸಲೇಬೇಡಿ.

ಸಿಲ್ಟ್ ಫೆನ್ಸ್ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗಬೇಕು. ಬಟ್ಟೆಯ ಕೆಳಗಿನ ಅಂಚು 15 ಸೆಂ.ಮೀ. ಮಣ್ಣಿನೊಳಗಿರಲಿ. ಮೂವತ್ತು ಮೀಟರ್ ಬೇಲಿ ಹತ್ತು ಗುಂಟೆ ನೆಲದ ನೀರನ್ನಷ್ಟೇ ತಡೆದೀತು. ಹರಿಯುವ ತೋಡಿಗೆ ಅಡ್ಡ ಕಟ್ಟಿದ ಬೇಲಿ ಮೊದಲ ಜೋರು ಮಳೆಗೇ ಮಗುಚುತ್ತದೆ.

ಪ್ರಶ್ನೆ: ನಮ್ಮ ಪ್ಯಾಕೇಜ್ (ಒಂದು ಗುತ್ತಿಗೆಗೆ ಕೊಟ್ಟ ಹೆದ್ದಾರಿಯ ಭಾಗ) ಬರೀ 40 ಕಿ.ಮೀ., ಪರಿಸರ ಅನುಮತಿ ಬೇಕಿಲ್ಲ ಎನ್ನುತ್ತಾರೆ. ನಿಜವೇ? ಬೇಕಾದರೆ ವರದಿ ಕೊಡುವವರು ಯಾರು?
– ಹಾಸನ

ಉತ್ತರ: ಪ್ಯಾಕೇಜಿನ ಉದ್ದವನ್ನಲ್ಲ, ಯೋಜನೆಯ ಉದ್ದವನ್ನು ನೋಡಿ. ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಗೆ 2013ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಹೆದ್ದಾರಿ ವಿಸ್ತರಣೆ 100 ಕಿ.ಮೀ. ಮೀರಿ, ಇರುವ ದಾರಿಯಲ್ಲಿ ಹೆಚ್ಚುವರಿ ಜಾಗದ ಅಗಲ 40 ಮೀ.ಗಿಂತ, ಬೈಪಾಸ್ ಅಥವಾ ಹೊಸ ಜಾಡಿನಲ್ಲಿ 60 ಮೀ.ಗಿಂತ ಹೆಚ್ಚಾದರೆ ಪೂರ್ವಾನುಮತಿ ಬೇಕು. ಅನುಮತಿ ತಪ್ಪಿಸಿಕೊಳ್ಳಲು ಯೋಜನೆಯನ್ನು ಹೋಳು ಮಾಡುವಂತಿಲ್ಲ ಎಂದು ವಿಲ್ಲುಪುರಂ–ನಾಗಪಟ್ಟಣಂ ಹೆದ್ದಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಈ ಅಧಿಸೂಚನೆಯಿಂದ ಹೊರಗುಳಿದರೂ ಅರಣ್ಯ ಭೂಮಿ ಬಳಸಲು ಅರಣ್ಯ ಅನುಮತಿ, ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ, ಡಾಂಬರು ಬೆರೆಸುವ ಹಾಟ್‌ಮಿಕ್ಸ್ ಮತ್ತು ಕಾಂಕ್ರೀಟ್ ಬೆರೆಸುವ ಬ್ಯಾಚಿಂಗ್ ಪ್ಲಾಂಟಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಬೇಕು. ಅನುಮತಿ ಪಡೆದ ಯೋಜನೆಯಾದರೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿಯ ಗಡುವು ಜೂನ್ 1 ಮತ್ತು ಡಿಸೆಂಬರ್ 1. ಹೊಣೆ ಅನುಮತಿ ಯಾರ ಹೆಸರಿನಲ್ಲಿದೆಯೋ ಅವರದು. ಗುತ್ತಿಗೆದಾರರು ಮಾಹಿತಿ ಒದಗಿಸುತ್ತಾರೆ ಅಷ್ಟೇ. ಪ್ರತಿ ಷರತ್ತಿನ ಎದುರು ‘ಪಾಲಿಸಲಾಗಿದೆ’ ಎಂದು ಬರೆದು ಕಳಿಸಿದರೆ ಪರಿಶೀಲನೆಗೆ ಬಂದವರು ಅಲ್ಲಿಂದಲೇ ಶುರುಮಾಡುತ್ತಾರೆ. ಚೈನೇಜ್ (ರಸ್ತೆಯ ಎಷ್ಟನೇ ಕಿ.ಮೀ. ಎಂಬ ಗುರುತು), ದಿನಾಂಕ, ಫೋಟೊ, ಲ್ಯಾಬ್ ವರದಿ ಜೊತೆಗಿರಲಿ.

ಪ್ರಶ್ನೆ: ಬ್ಯಾಚಿಂಗ್ ಪ್ಲಾಂಟಿನಲ್ಲಿ ಮೂರು ತೊಟ್ಟಿ ಕಟ್ಟಿದ್ದೇವೆ, ಕೊನೆಯ ತೊಟ್ಟಿಯ ನೀರು ತಿಳಿಯಾಗಿದೆ. ಚರಂಡಿಗೆ ಬಿಡಬಹುದೇ?
– ತುಮಕೂರು

ಉತ್ತರ: ಬೇಡ. ಕಾಂಕ್ರೀಟ್ ಸಾಗಿಸುವ ಟ್ರಾನ್ಸಿಟ್ ಮಿಕ್ಸರ್ ಲಾರಿ ತೊಳೆದ ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) 12ರ ಆಸುಪಾಸು ಇರುತ್ತದೆ. ಬಿಡಬಹುದಾದ ಮಿತಿ 5.5ರಿಂದ 9. ತೊಟ್ಟಿಗಳು ಜಲ್ಲಿ, ಮರಳು ಹಿಡಿಯುತ್ತವೆ, ಕ್ಷಾರವನ್ನಲ್ಲ. ಪಿಎಚ್ ಪೇಪರ್ ಅದ್ದಿ ನೋಡಿದರೆ ಕಡುನೀಲಿ ತಿರುಗುತ್ತದೆ. ಸುಲಭದ ದಾರಿ, ಅದೇ ನೀರಿನಲ್ಲಿ ಮುಂದಿನ ಮಿಕ್ಸರ್ ತೊಳೆಯುವುದು. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಮಿತಿಗಳಿಗೆ ಒಗ್ಗಿದರೆ ಕಾಂಕ್ರೀಟಿಗೂ ಬಳಸಬಹುದು.

ಹೊರಬಿಡಲೇಬೇಕಾದರೆ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಗಾಳಿಗುಳ್ಳೆ ಹಾಯಿಸಿ ಪಿಎಚ್ ಇಳಿಸಿ. ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಬಹಳ ಹೊತ್ತು ಏನೂ ಆಗದೆ, ಆಮೇಲೆ ಪಿಎಚ್ ಒಮ್ಮೆಲೇ ಕೆಳಗೆ ಬೀಳುತ್ತದೆ. ಮೇಲಾಗಿ ಕ್ಲೋರೈಡ್ ಸೇರಿದ ಆ ನೀರು ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಆಗದು. ಅಲ್ಲಿನ ಮಿತಿ ಲೀಟರಿಗೆ 500 ಮಿಲಿಗ್ರಾಂ. ತೊಟ್ಟಿಯ ಸುತ್ತ ಕಟ್ಟೆ ಕಟ್ಟಿಸಿ. ಅಂಗಳದ ಮಳೆನೀರು ಒಳಗೆ ನುಗ್ಗಿದರೆ ಎಲ್ಲವೂ ತುಂಬಿ ಹೊರಚೆಲ್ಲುತ್ತದೆ.

ಪ್ರಶ್ನೆ: ಗುಡ್ಡ ಅಗೆದ ಮಣ್ಣನ್ನು ನಮ್ಮ ಬೈಲುಗದ್ದೆಗೆ ಪುಕ್ಕಟೆ ತುಂಬಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಲೇ?
– ಕಾರ್ಕಳ

ಉತ್ತರ: ಬೈಲಿಗೆ ಬೇಡ. ಸುತ್ತಲಿನ ನೀರೆಲ್ಲ ಇಳಿಯುವ ಜಾಗ ಅದು. ತುಂಬಿಸಿದರೆ ನೀರು ಪಕ್ಕದವರ ಗದ್ದೆಗೆ ನುಗ್ಗಿ, ಜಗಳ ನಿಮ್ಮ ಮನೆಬಾಗಿಲಿಗೆ ಬರುತ್ತದೆ. ಎತ್ತರದ ಬೆಟ್ಟುಗದ್ದೆಯಾದರೆ ಯೋಚಿಸಬಹುದು. ಮೊದಲು ನಿಮ್ಮ ಗದ್ದೆಯ ಮೇಲ್ಮಣ್ಣನ್ನು 15 ಸೆಂ.ಮೀ. ಕೆರೆದು, ಎರಡು ಮೀಟರ್ ಮೀರದ ಗುಡ್ಡೆಯಾಗಿ ಬೇರೆ ಇಡಿಸಿ. ತುಂಬಿದ ಮೇಲೆ ಅದನ್ನೇ ಮತ್ತೆ ಹರಡಬೇಕು, ಇಲ್ಲವಾದರೆ ಶೇಡಿಯ ಮೇಲೆ ಏನೂ ಬೆಳೆಯದು. ಕೆಳಬದಿಗೆ ನೀರುಕಿಂಡಿ ಇರುವ ಕಲ್ಲಿನ ತಡೆಗೋಡೆ ಕೇಳಿ. ಎಲ್ಲೆ, ಎತ್ತರ, ಗೋಡೆ ಇಷ್ಟನ್ನೂ ಬರೆಸಿಕೊಳ್ಳಿ. ಗುತ್ತಿಗೆದಾರರ ಮಣ್ಣು ವಿಲೇವಾರಿ ಯೋಜನೆಯಲ್ಲಿ ನಿಮ್ಮ ಸರ್ವೆ ನಂಬರ್ ಇಲ್ಲದಿದ್ದರೆ ಟಿಪ್ಪರನ್ನು ಗೇಟಿನಲ್ಲೇ ನಿಲ್ಲಿಸಿ.